ಬೀರುವಿನಲ್ಲಿ ಸೆರೆಯಾದ ಅಕ್ಷರಸಂಪತ್ತು

ಪರನಾಡಿನಲ್ಲಿ ನೆಲೆಸಿದ ಕನ್ನಡಿಗರ ಸಂಘಸಂಸ್ಥೆಗಳಲ್ಲಿ ಬೀರುವಿಲ್ಲದ ಸಂಸ್ಥೆ ಇರಲಾರದು. ಮುಂಬಯಿಯಾಗಲಿ ಪುಣೆಯಾಗಲಿ, ಚೆನ್ನೈಯಾಗಲಿ ದಿಲ್ಲಿಯಾಗಲಿ, ಕಚೇರಿಯೆಂದು ಕರೆಯಿಸಿಕೊಳ್ಳುವ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ನಿಂತಿರುತ್ತದೆ. ರಜತೋತ್ಸವದ ಸ್ಮರಣ ಸಂಚಿಕೆಗಳು, ಮಹಾಸಭೆಗಳ ನಡವಳಿಕೆಯ ಪುಸ್ತಕಗಳು, ರಾತ್ರಿಶಾಲೆಯ ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತು ತೆಗೆಸಿಕೊಂಡ ಭಾವಚಿತ್ರಗಳು, ಯಕ್ಷಗಾನ ಕೂಟಗಳ ಕರಪತ್ರಗಳು, ಕೆಲಸ ಮುಗಿದ ಮೇಲೆ ಕಲಿತು ಆಡಿದ ನಾಟಕಗಳ ಹಸ್ತಪ್ರತಿಗಳು—ಇವೆಲ್ಲ ಅದರೊಳಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಬರಿಗೈಯಲ್ಲಿ ಊರು ಬಿಟ್ಟು ಬಂದು, ಹಗಲು ಲೋಟ ತೊಳೆದು ಇರುಳು ಅಕ್ಷರ ಕಲಿತ ಒಂದು ತಲೆಮಾರಿನ ಚರಿತ್ರೆ ಅಲ್ಲಿದೆ; ಬಹುಮಟ್ಟಿಗೆ ಅಲ್ಲಿ ಮಾತ್ರವೇ ಇದೆ. ಬೀಗದ ಕೈ ಕಾರ್ಯದರ್ಶಿಗಳ ವಶದಲ್ಲಿರುತ್ತದೆ. ಕಾರ್ಯದರ್ಶಿಗಳು ಬದಲಾದಾಗ ಅದೂ ಕೈ ಬದಲಾಗುತ್ತದೆ. ಕೆಲವೊಮ್ಮೆ ಬದಲಾಗುವುದೂ ಇಲ್ಲ. ಕೋಣೆಯ ಬಾಡಿಗೆ ಏರಿ ಸಂಘವು ದೂರದ ಉಪನಗರಕ್ಕೆ ಹೊರಟಾಗ, ಬೀರುವಿನ ಸರಕನ್ನು ರದ್ದಿಯವನು ತೂಗಿ ಒಯ್ಯುವುದೂ ಉಂಟು.

“ಈಗ ಅಂತರ್ಜಾಲದ ಕಾಲ. ಹಳೆಯ ಸಂಚಿಕೆಗಳನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಬಳಗಕ್ಕೆ ಹಾಕಿಯಾಗಿದೆ. ಇನ್ನೇತರ ಚಿಂತೆ?” ಎಂದು ಕೇಳುವ ಉತ್ಸಾಹಿ ತರುಣರು ನಮ್ಮಲ್ಲಿ ಇದ್ದಾರೆ. ಅವರ ಉತ್ಸಾಹವು ಶ್ಲಾಘನೀಯವಾದುದು. ಆದರೆ ಚಿಂತೆ ಅಷ್ಟಕ್ಕೇ ತೀರುವುದಿಲ್ಲ. ನಮಗೆ ತಿಳಿದ ಒಂದು ಸಂಘದಲ್ಲಿ ಸಂಸ್ಥಾಪಕರ ಪರಿಚಯಲೇಖನವೊಂದನ್ನು ರಜತೋತ್ಸವದ ಸಂಚಿಕೆಗಾಗಿ ಅಕ್ಷರ ಜೋಡಿಸಿ ಅಚ್ಚುಮಾಡಿದ್ದರು. ವರ್ಷಗಳು ಕಳೆದ ಮೇಲೆ ಅದೇ ಲೇಖನವನ್ನು ಸದಸ್ಯರೊಬ್ಬರು, ವೃತ್ತಿಯಿಂದ ಗುಮಾಸ್ತರು, ಗಣಕಯಂತ್ರದಲ್ಲಿ ಬೆರಳಚ್ಚುಮಾಡಿ ಸಿ.ಡಿ.ಯಲ್ಲಿ ಇರಿಸಿದರು. ಸುವರ್ಣೋತ್ಸವದ ಸಮಯದಲ್ಲಿ ಆ ಸಿ.ಡಿ.ಯನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸಿತು. ಲೇಖನವನ್ನು ಮೂರನೆಯ ಸಲ ಬೆರಳಚ್ಚುಮಾಡಬೇಕಾಯಿತು. ಬರೆದವರು ಯಾರೆಂಬುದು ಆ ವೇಳೆಗೆ ಯಾರ ನೆನಪಿನಲ್ಲಿಯೂ ಉಳಿದಿರಲಿಲ್ಲ. ಒಂದೇ ಕೆಲಸಕ್ಕೆ ಮೂರು ಬಾರಿ ಕೂಲಿ ತೆತ್ತರೂ ಕೆಲಸವು ಕೈಯಲ್ಲಿ ಉಳಿಯಲಿಲ್ಲ.

ಹಂಚುವುದು ಬೇರೆ, ಇನ್ನೊಬ್ಬರು ಕೈಗೆತ್ತಿಕೊಂಡು ಮುಂದುವರಿಸಲು ಒದಗುವಂತೆ ಕೊಡುವುದು ಬೇರೆ. ಈ ಭೇದವನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ. ನಿನ್ನೆಯ ಮೊಸರಿನಲ್ಲಿ ಒಂದು ಚಮಚವನ್ನು ತೆಗೆದಿರಿಸಿದರೆ ಇಂದಿನ ಹಾಲಿಗೆ ಹೆಪ್ಪಾಗುತ್ತದೆ. ಪೂರ್ತಿ ಬಡಿಸಿ ಪಾತ್ರೆ ತೊಳೆದಿಟ್ಟರೆ ನಾಳೆ ನೆರೆಮನೆಯ ಬಾಗಿಲು ತಟ್ಟಬೇಕು. ಇದನ್ನು ಹೊಟೇಲಿನ ಅಡುಗೆಮನೆಯಲ್ಲಿ ದುಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಷರಕ್ಕೂ ಇದೇ ನ್ಯಾಯ.

ಕನ್ನಡಕ್ಕೆ ಇದು ಹೊಸ ವಿಚಾರವೂ ಅಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬುದು ಪ್ರಸಿದ್ಧವಾಗಿದೆ. 13ನೆಯ ಶತಮಾನದ ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ಆಯ್ದು ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಮೂಲಕೃತಿಗಳು ಅಳಿದುಹೋದ ಎಷ್ಟೋ ಪದ್ಯಗಳು ಈ ಸಂಕಲನದಲ್ಲಿ ಸೇರಿಕೊಂಡ ಕಾರಣದಿಂದಲೇ ಇಂದಿಗೂ ಉಳಿದಿವೆ. ಅವನ ಮಗನಾದ ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳಿಗೆ ಹಿಂದಿನವರ ಪದ್ಯಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡನು. ಆ ವ್ಯಾಕರಣದ ನೆರವನ್ನು ಪಡೆದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಲು, 1968 ಮೊದಲ್ಗೊಂಡು ಮದರಾಸು ವಿಶ್ವವಿದ್ಯಾನಿಲಯವು ಸಂಪುಟಗಳಾಗಿ ಪ್ರಕಟಿಸಿತು. ಒಬ್ಬರು ಇರಿಸಿದ ಹೆಪ್ಪು ಇನ್ನೊಬ್ಬರ ಹಾಲಿಗೆ ಬಂದುದರಿಂದ ಈ ಪರಂಪರೆ ಬೆಳೆದಿದೆ. ಅಂತರ್ಜಾಲದಲ್ಲಿಯೂ ಇದು ನಡೆಯಬೇಕಾದರೆ ನಾಲ್ಕು ಸಂಗತಿಗಳು ಅವಶ್ಯ: ಅಕ್ಷರವು ಅಕ್ಷರವಾಗಿಯೇ ಇರಬೇಕು, ಬರೆದವರ ಹೆಸರು ಜೊತೆಗಿರಬೇಕು, ಬಳಸಲು ಅನುಮತಿ ಇರಬೇಕು, ನೋಡಿಕೊಳ್ಳುವವರು ಇರಬೇಕು.

ಮೊದಲನೆಯದನ್ನು ನೋಡೋಣ. ಪುಟದ ಚಿತ್ರವನ್ನು ತೆಗೆದರೆ ಅದು ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಬರಿಯ ಕಪ್ಪುಬಿಳುಪಿನ ಚುಕ್ಕೆಗಳು. ಅದರೊಳಗಿನ ಹೆಸರನ್ನು ಹುಡುಕಲು ಬಾರದು, ಸಾಲನ್ನು ತಿದ್ದಲು ಬಾರದು, ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೂ ಅದು ದಕ್ಕದು. ಹಳೆಯ ಗಣಕ ಬರಹಗಳ ತೊಡಕು ಇನ್ನೊಂದು ಬಗೆಯದು. ಯಂತ್ರದ ಪಾಲಿಗೆ ಪ್ರತಿಯೊಂದು ಅಕ್ಷರವೂ ಒಂದು ಸಂಖ್ಯೆ. ಆರಂಭದ ಕನ್ನಡ ತಂತ್ರಾಂಶಗಳಲ್ಲಿ ಹಲವು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸಿದ್ದವು. ಒಂದೊಂದರ ಕ್ರಮ ಒಂದೊಂದು ಬಗೆ. ಆಯಾ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಬರಹವು ಚೆಲ್ಲಾಪಿಲ್ಲಿಯಾಗಿ ಕಾಣಿಸುವುದು ಈ ಕಾರಣದಿಂದ. ಮೇಲೆ ಹೇಳಿದ ಸಿ.ಡಿ.ಯ ಗತಿಯೂ ಇದೇ ಆಗಿತ್ತು. ಲೋಕದ ಹಲವಾರು ಲಿಪಿಗಳಿಗೆ ಪ್ರತ್ಯೇಕ ಸಂಖ್ಯೆಗಳನ್ನು ಗೊತ್ತುಪಡಿಸಿದ ಯುನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಯುನಿಕೋಡಿನಲ್ಲಿ ಬರೆದುದನ್ನು ಮಾಟುಂಗದ ಯಂತ್ರವೂ ಓದುತ್ತದೆ, ಮಣಿಪಾಲದ ಮೊಬೈಲೂ ಓದುತ್ತದೆ. ಹಳೆಯ ಕ್ರಮದ ಬರಹಗಳನ್ನು ಯುನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳೂ ಇವೆಯಾದುದರಿಂದ, ಚಿಹ್ನೆಗಳಾಗಿ ಕಂಡ ಕಡತಗಳನ್ನು ಎಸೆಯುವ ಅವಸರ ಬೇಡ.

ಈ ಪ್ರಸಂಗದಲ್ಲಿ ಮುಂಬಯಿಯ ಕನ್ನಡಿಗರು ಹೆಮ್ಮೆಪಡಬಹುದಾದ ಒಂದು ಹೆಸರನ್ನು ನೆನೆಯಬೇಕು. ಮಂಗಳೂರಿನ ಬಳಿಯ ಕಿನ್ನಿಕಂಬಳದಿಂದ ಬಂದು, ಇದೇ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಸರಾಗವಾಗಿ ಬರೆಯುವ ವಿನ್ಯಾಸವನ್ನು ರೂಪಿಸಿದರು. ಕರ್ನಾಟಕ ಸರಕಾರವು ಮಾನ್ಯಮಾಡಿದ ಕೀಲಿಮಣೆಗೆ ಅದೇ ಆಧಾರವಾಯಿತು. ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಅವರು ಬೆಲೆ ಕಟ್ಟದೆ ಜನರಿಗೆ ಒಪ್ಪಿಸಿದರು. ನಾವು ಬೀಗದ ಕೈ ಬಿಡಲು ಹಿಂಜರಿಯುತ್ತಿರುವಾಗ ಈ ನಿದರ್ಶನವು ಕಣ್ಣೆದುರಿಗೆ ಇರುವುದು ಒಳ್ಳೆಯದು.

ಎರಡನೆಯದು ಬರೆದವರ ಹೆಸರು. ಮೊಬೈಲಿನಿಂದ ಮೊಬೈಲಿಗೆ ಹಾರುವ ಲೇಖನಗಳ ಕೆಳಗೆ ‘ಕೃಪೆ: ವಾಟ್ಸ್‌ಆ್ಯಪ್’ ಎಂದೋ ‘ಸಂಗ್ರಹ’ ಎಂದೋ ನಮೂದಿಸುವ ಪರಿಪಾಠ ಬೆಳೆದಿದೆ. ಇದು ಕೃತಜ್ಞತೆಯ ಮಾತಲ್ಲ, ಯಾರದೆಂದು ವಿಚಾರಿಸಲಿಲ್ಲ ಎಂಬ ಒಪ್ಪಿಗೆಯ ಮಾತು. ಅಂಚೆಯವನ ಹೆಸರನ್ನು ಬರೆದು ಪತ್ರ ಕಳುಹಿಸಿದವನ ಹೆಸರನ್ನು ಅಳಿಸಿದಂತೆ ಇದು. ಹೆಸರು ಒಮ್ಮೆ ಕಳಚಿದ ಬರಹವು ಮುಂದೆ ಯಾರ ಹೆಸರಿಗಾದರೂ ಅಂಟಿಕೊಳ್ಳುತ್ತದೆ. ಅದರಲ್ಲಿನ ತಪ್ಪನ್ನು ತಿದ್ದಲು ಕೇಳಬೇಕಾದವರಾರೆಂದು ತಿಳಿಯದು. ಅನುಮತಿ ಬೇಡಲು ಬಾಗಿಲು ಇಲ್ಲ. ತಾಳೆಗರಿಗಳನ್ನು ಪ್ರತಿಮಾಡಿದ ಲಿಪಿಕಾರರು ಕೊನೆಯ ಗರಿಯಲ್ಲಿ ತಮ್ಮ ಹೆಸರನ್ನೂ ತಿಥಿಯನ್ನೂ ಬರೆದಿಡುವ ರೂಢಿ ಇತ್ತು. ಲೇಖಕರ ಹೆಸರು, ಪ್ರಕಟವಾದ ಸಂಚಿಕೆ, ವರ್ಷ, ಪುಟ ಎಂಬ ನಾಲ್ಕು ವಿವರಗಳನ್ನು ಬರೆಯಲು ಒಂದು ನಿಮಿಷ ಸಾಕು. ಬರೆಯದೆ ಬಿಟ್ಟರೆ ಹುಡುಕಲು ಒಂದು ತಲೆಮಾರು ಸಾಲದು.

ಮೂರನೆಯದಾದ ಅನುಮತಿಯ ವಿಷಯದಲ್ಲಿ ನಮ್ಮಲ್ಲಿ ತಪ್ಪುಗ್ರಹಿಕೆಗಳು ಹೆಚ್ಚು. ಅಂತರ್ಜಾಲದಲ್ಲಿ ಕಂಡುದೆಲ್ಲ ಎಲ್ಲರದೂ ಎಂದು ಹಲವರು ನಂಬಿದ್ದಾರೆ; ಯಾವುದನ್ನೂ ಮುಟ್ಟಬಾರದೆಂದು ಕೆಲವರು ಅಂಜುತ್ತಾರೆ. ಎರಡೂ ಸರಿಯಲ್ಲ. ಭಾರತದ 1957ರ ಗ್ರಂಥಸ್ವಾಮ್ಯ ಶಾಸನ ಮತ್ತು ಅದರ ತಿದ್ದುಪಡಿಗಳ ಪ್ರಕಾರ, ಲೇಖಕರ ಜೀವಿತಕಾಲವೂ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳೂ ಕಳೆಯುವವರೆಗೆ ಕೃತಿಯ ಹಕ್ಕು ಅವರದು ಅಥವಾ ಅವರ ವಾರಸುದಾರರದು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ದಿವಂಗತರಾದರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. ಮುಂಬಯಿಯನ್ನೇ ತಮ್ಮ ಕಥಾಲೋಕವನ್ನಾಗಿ ಮಾಡಿಕೊಂಡ ಯಶವಂತ ಚಿತ್ತಾಲರು ತೀರಿಕೊಂಡದ್ದು 2014ರಲ್ಲಿ. ಆದುದರಿಂದ ಅವರ ಕೃತಿಗಳ ಹಕ್ಕು 2074ರ ಕೊನೆಯವರೆಗೆ ಉಳಿಯುತ್ತದೆ. ಮೊದಲನೆಯವರ ಕೃತಿಗಳನ್ನು ಯಾರೂ ಅಂತರ್ಜಾಲಕ್ಕೆ ಏರಿಸಬಹುದು. ಎರಡನೆಯವರ ಕೃತಿಗಳಿಗೆ ವಾರಸುದಾರರ ಒಪ್ಪಿಗೆ ಬೇಕೇ ಬೇಕು.

ಹಕ್ಕನ್ನು ಉಳಿಸಿಕೊಂಡೇ ಇತರರಿಗೆ ಬಳಸಲು ಬಿಡುವ ಮಾರ್ಗವೊಂದು ಇದೆ. ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಂಸ್ಥೆಯು 2002ರಲ್ಲಿ ಪ್ರಕಟಿಸಿದ ಸಿದ್ಧ ಪರವಾನಗಿಗಳೇ ಆ ಮಾರ್ಗ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದರ ತಾತ್ಪರ್ಯ ಇಷ್ಟೆ: ನನ್ನ ಕೃತಿಯನ್ನು ಪ್ರತಿಮಾಡಿ, ತಿದ್ದಿ, ಬೆಳೆಸಿ, ಬೇಕಾದರೆ ಮಾರಿ, ಆದರೆ ನನ್ನ ಹೆಸರನ್ನು ಹೇಳಿ, ಮಾರ್ಪಡಿಸಿದ್ದರೆ ಅದನ್ನೂ ಹೇಳಿ, ನೀವು ಬೆಳೆಸಿದುದನ್ನು ಇದೇ ಷರತ್ತಿನ ಮೇಲೆ ಇತರರಿಗೆ ಬಿಟ್ಟುಕೊಡಿ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇಂಥ ಪರವಾನಗಿಯಡಿಯಲ್ಲಿ ತೆರೆದಿಟ್ಟಿತು. ವಿದ್ವಾಂಸರು ದಶಕಗಳ ಕಾಲ ದುಡಿದು ಕಟ್ಟಿದ ಆ ಬರಹಗಳು ಈಗ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಹೆಪ್ಪಾಗಿ ಒದಗುತ್ತಿವೆ. 2014ರಲ್ಲಿಯೇ ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಅವರು ಇದೇ ರೀತಿಯಲ್ಲಿ ಬಿಡುಗಡೆ ಮಾಡಿದರು. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಕೂಡಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಶಬ್ದಗಳ ಕನ್ನಡ-ಇಂಗ್ಲಿಷ್ ಕೋಶವು 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಮುಕ್ತವಾಗಿ ಪ್ರಕಟವಾಯಿತು. ಕಚೇರಿಯಲ್ಲಿ ಕುಳಿತು ಕನ್ನಡ ಪದಕ್ಕೆ ಇಂಗ್ಲಿಷ್ ಹುಡುಕುವ ನಮ್ಮ ಗುಮಾಸ್ತ ಬಂಧುಗಳು ಅದನ್ನು ಈಗ ಕಾಸಿನ ಖರ್ಚಿಲ್ಲದೆ ಬಳಸಬಹುದು.

ನಾಲ್ಕನೆಯದು ನೋಡಿಕೊಳ್ಳುವ ವ್ಯವಸ್ಥೆ. ಹಲವರು ಸೇರಿ ಒಂದು ಬರಹವನ್ನು ಕಟ್ಟುವಾಗ ಪ್ರತಿಯೊಬ್ಬರಲ್ಲಿಯೂ ಒಂದೊಂದು ಪ್ರತಿ ಇದ್ದರೆ, ಯಾವುದು ಇತ್ತೀಚಿನದು, ಯಾವುದನ್ನು ತಿದ್ದಿದೆ ಎಂಬುದು ತಿಳಿಯದೆ ಗೊಂದಲವಾಗುತ್ತದೆ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು 1995ರಲ್ಲಿ ಆರಂಭಿಸಿದ ‘ವಿಕಿ’ ಪದ್ಧತಿಯಲ್ಲಿ ಬರಹದ ಪ್ರತಿ ಒಂದೇ. ತಿದ್ದುವ ಕೈಗಳು ಹಲವು. ಅದರ ಮರ್ಮವು ಲೆಕ್ಕಪತ್ರ ಬರೆದು ಪಳಗಿದವರಿಗೆ ಕೂಡಲೇ ಹೊಳೆಯುತ್ತದೆ. ಒಳ್ಳೆಯ ಗುಮಾಸ್ತನು ಖಾತೆಯಲ್ಲಿ ತಪ್ಪಿದ ಅಂಕೆಯನ್ನು ಕೆರೆದು ತೆಗೆಯುವುದಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಾನೆ. ವಿಕಿಯಲ್ಲಿಯೂ ಹಾಗೆಯೇ. ಯಾರು, ಯಾವ ದಿನ, ಯಾವ ಪದವನ್ನು ಬದಲಿಸಿದರೆಂಬುದು ಇತಿಹಾಸಪುಟದಲ್ಲಿ ದಾಖಲಾಗಿರುತ್ತದೆ. ಕಿಡಿಗೇಡಿಯೊಬ್ಬನು ಕೆಡಿಸಿದರೂ ಹಿಂದಿನ ರೂಪವನ್ನು ಮರಳಿ ಪಡೆಯಲು ಬರುತ್ತದೆ.

ಹಳೆಯ ಮುದ್ರಿತ ಗ್ರಂಥಗಳಿಗಾಗಿ ‘ವಿಕಿಸೋರ್ಸ್’ ಎಂಬ ಸೋದರ ತಾಣವಿದೆ. ಅಲ್ಲಿ ಪುಟದ ಚಿತ್ರವು ಒಂದು ಪಕ್ಕದಲ್ಲಿ, ಅಕ್ಷರರೂಪವು ಇನ್ನೊಂದು ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಕೆಲಸವನ್ನು ಯಂತ್ರವೇ ಮಾಡಿಕೊಡುವುದಾದರೂ, ಒತ್ತಕ್ಷರಗಳಲ್ಲಿಯೂ ಮಾಸಿದ ಅಚ್ಚಿನಲ್ಲಿಯೂ ಅದು ಎಡವುತ್ತದೆ. ಮನುಷ್ಯರ ಕಣ್ಣು ಕರಡು ತಿದ್ದಲೇಬೇಕು. ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬರು ತಿದ್ದಿದ ಮೇಲೆ ಹಳದಿ. ಬೇರೊಬ್ಬರು ಮರಳಿ ನೋಡಿ ಒಪ್ಪಿದ ಮೇಲೆ ಹಸಿರು. ಮಧ್ಯಾಹ್ನದ ಗಿರಾಕಿಗಳ ಗಡಿಬಿಡಿ ಮುಗಿದು ಸಂಜೆಯದು ಮೊದಲಾಗುವುದರೊಳಗೆ ಹೊಟೇಲು ಕೆಲಸಗಾರನಿಗೆ ದೊರೆಯುವ ವಿರಾಮದಲ್ಲಿ ಮೊಬೈಲಿನಲ್ಲಿಯೇ ಒಂದು ಪುಟವನ್ನು ತಿದ್ದಬಹುದು. ಉಪನಗರದ ರೈಲಿನಲ್ಲಿ ಕೂರಲು ಜಾಗ ಸಿಕ್ಕ ಭಾಗ್ಯಶಾಲಿಯು ಇನ್ನೊಂದನ್ನು ನೋಡಬಹುದು. ನೂರು ಪುಟಗಳ ಸಂಚಿಕೆಗೆ ಇಪ್ಪತ್ತು ಜನರು ಕೈ ಹಚ್ಚಿದರೆ ತಲಾ ಐದೇ ಪುಟಗಳು.

ಇಲ್ಲಿ ಕೆಲವು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗಿದೆ. ನಮ್ಮ ಬರಹವನ್ನು ತೆರೆದಿಟ್ಟರೆ ಅನ್ಯರು ಅಚ್ಚುಹಾಕಿ ಹಣ ಮಾಡಿಕೊಳ್ಳಲಾರರೆ ಎಂಬುದು ಮೊದಲನೆಯದು. ಮಾಡಿಕೊಳ್ಳಬಹುದು, ಮೇಲೆ ಹೇಳಿದ ಪರವಾನಗಿಯು ಅದಕ್ಕೆ ಅಡ್ಡಬರುವುದಿಲ್ಲ. ವಾಣಿಜ್ಯದ ಬಳಕೆಯನ್ನು ನಿಷೇಧಿಸುವ ಪರವಾನಗಿಯೂ ಇದೆ. ಆದರೆ ಅಂಥ ಬರಹವನ್ನು ವಿಕಿಪೀಡಿಯವು ಸೇರಿಸಿಕೊಳ್ಳುವುದಿಲ್ಲ. ಬರಹದಿಂದಲೇ ಜೀವಿಸುವ ಲೇಖಕರನ್ನು ಈ ದಾನಕ್ಕೆ ಒತ್ತಾಯಿಸುವುದು ಅನ್ಯಾಯವೆಂದು ನಾವು ನಿಸ್ಸಂದೇಹವಾಗಿ ಹೇಳುತ್ತೇವೆ. ಆದರೆ ಮಾರಾಟಕ್ಕೆಂದು ಬರೆಯದ, ಒಮ್ಮೆ ಹಂಚಿ ಮರೆತುಬಿಟ್ಟ ಸ್ಮರಣ ಸಂಚಿಕೆಯನ್ನು ಬಚ್ಚಿಡುವುದರಿಂದ ಯಾರ ಜೀವನೋಪಾಯ ಉಳಿಯಿತು?

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು. ಹಳೆಯ ಸಂಚಿಕೆಗಳಲ್ಲಿ ಸದಸ್ಯರ ವಿಳಾಸಗಳೂ ದೂರವಾಣಿ ಸಂಖ್ಯೆಗಳೂ ಇರುತ್ತವೆ. ನಡವಳಿಕೆಯ ಪುಸ್ತಕಗಳಲ್ಲಿ ಯಾರಿಗೆ ಎಷ್ಟು ಸಹಾಯಧನ ಕೊಟ್ಟರು, ಯಾರ ಮೇಲೆ ಯಾವ ದೂರು ಬಂದಿತ್ತು ಎಂಬುದೂ ಇರುತ್ತದೆ. ಕಷ್ಟದಲ್ಲಿ ಕೈ ಚಾಚಿದವರ ಹೆಸರನ್ನು ಬೀದಿಯಲ್ಲಿ ಸಾರುವುದು ಚರಿತ್ರೆಯ ರಕ್ಷಣೆಯಲ್ಲ. ಇಂಥ ಪುಟಗಳನ್ನು ತೆಗೆದಿರಿಸಿಯೇ ಉಳಿದುದನ್ನು ಪ್ರಕಟಿಸಬೇಕು. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ವಿವೇಕವನ್ನು ಯಂತ್ರಕ್ಕೆ ಬಿಡುವಂತಿಲ್ಲ.

ಬೀರು ತೆರೆಯದಿದ್ದರೆ ಆಗುವ ನಷ್ಟವೇನು? ವಿಕಿಪೀಡಿಯದಲ್ಲಿ ಲೇಖನ ಬರೆಯುವವನು ತನ್ನ ನೆನಪಿನಿಂದ ಬರೆಯುವಂತಿಲ್ಲ. ಪ್ರಕಟವಾದ ಆಧಾರವನ್ನು ತೋರಿಸಬೇಕು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ನಾಳೆ ಒಬ್ಬ ವಿದ್ಯಾರ್ಥಿ ಬರೆಯಹೊರಟರೆ ಅವನಿಗೆ ಬೇಕಾದ ಆಧಾರವು ನಮ್ಮ ಬೀರುವಿನಲ್ಲಿ, ಗೆದ್ದಲಿನ ಬಾಯಿಯಲ್ಲಿ ಇರುತ್ತದೆ. ಹೊಟೇಲಿನ ಮಾಲಿಕರ ಹೆಸರುಗಳು ಹೇಗೋ ಉಳಿದುಕೊಳ್ಳುತ್ತವೆ. ಭಟ್ಟಿಯ ಮುಂದೆ ಬೆವರು ಸುರಿಸಿ, ರಾತ್ರಿ ಹತ್ತಕ್ಕೆ ಕಣ್ಣುಜ್ಜುತ್ತ ಪಾಠ ಕೇಳಿ, ಮೆಟ್ರಿಕ್ ಮುಗಿಸಿ ಬ್ಯಾಂಕಿನ ಗುಮಾಸ್ತನಾದ ಮಾಣಿಯ ಹೆಸರು ಆ ಸಂಚಿಕೆಯ ಮೂಲೆಯಲ್ಲಿ ಮಾತ್ರ ಅಚ್ಚಾಗಿದೆ. ಅದು ಹೋದರೆ ಅವನು ಓದಿದ್ದನೆಂಬುದಕ್ಕೂ ಸಾಕ್ಷಿಯಿಲ್ಲ.

ಸಾಧಾರಣ ಜನರಿಂದ ಇದು ಸಾಧ್ಯವೇ ಎಂದು ಸಂಶಯಪಡುವವರು ತುಳು ವಿಕಿಪೀಡಿಯವನ್ನು ನೋಡಬೇಕು. ವರ್ಷಗಟ್ಟಲೆ ಪ್ರಾಯೋಗಿಕ ಹಂತದಲ್ಲಿದ್ದ ಅದನ್ನು ಸ್ವಯಂಸೇವಕರು ಒಂದೊಂದೇ ಲೇಖನ ಬರೆದು ಬೆಳೆಸಿದುದರಿಂದ 2016ರಲ್ಲಿ ಅದಕ್ಕೆ ಸ್ವತಂತ್ರ ಸ್ಥಾನ ದೊರೆಯಿತು.

ಆದುದರಿಂದ ನಮ್ಮ ಸಂಘಸಂಸ್ಥೆಗಳ ಚಾಲಕರಲ್ಲಿ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮಾಡಬಯಸುತ್ತೇವೆ. ಬೀರುವಿನಲ್ಲಿ ಏನೇನು ಇದೆಯೆಂಬುದರ ಪಟ್ಟಿಯನ್ನು ಮೊದಲು ತಯಾರಿಸಿರಿ. ಪಟ್ಟಿಯಿಲ್ಲದ ಉಗ್ರಾಣದಿಂದ ಯಾವ ಅಡುಗೆಯೂ ಸಾಗದು. ಹಳೆಯ ಸಂಚಿಕೆಗಳ ಲೇಖಕರನ್ನೋ ಅವರ ಮನೆಯವರನ್ನೋ ಕಂಡು ಲಿಖಿತ ಒಪ್ಪಿಗೆ ಪಡೆಯಿರಿ. ವಯಸ್ಸಾದವರನ್ನು ಮೊದಲು ಕಾಣಿರಿ. ಮುಂದೆ ಹೊರಡಿಸುವ ಸಂಚಿಕೆಗೆ ಲೇಖನ ಕೇಳುವಾಗಲೇ ಪರವಾನಗಿಯ ಒಪ್ಪಿಗೆಯನ್ನೂ ಕೇಳಿ, ಸಂಚಿಕೆಯ ಮೊದಲ ಪುಟದಲ್ಲಿ ಅದನ್ನು ಅಚ್ಚುಹಾಕಿಸಿರಿ. ಮುದ್ರಣಾಲಯದಿಂದ ಪಿಡಿಎಫ್ ಮಾತ್ರವಲ್ಲದೆ ಯುನಿಕೋಡಿನ ಮೂಲ ಬರಹವನ್ನೂ ಕೇಳಿ ಪಡೆಯಿರಿ. ಅಂತರ್ಜಾಲದ ಖಾತೆಗಳ ಗುಪ್ತಪದವು ಒಬ್ಬರ ಬಳಿಯಲ್ಲಿಯೇ ಇರದೆ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಇಲ್ಲವಾದರೆ ಕಬ್ಬಿಣದ ಬೀಗದ ಬದಲು ಕಾಣದ ಬೀಗ ಬಂದಂತಾಯಿತು. ಇವಕ್ಕೆ ಹೆಚ್ಚಿನ ಹಣ ಬೇಡ. ಮಹಾಸಭೆಯ ಒಂದು ನಿರ್ಣಯವೂ ನಾಲ್ಕಾರು ಜನರ ಭಾನುವಾರಗಳೂ ಸಾಕು.

ನಮ್ಮ ಹಿರಿಯರು ಈ ನಗರಗಳಿಗೆ ಬಂದಾಗ ಅವರ ಜೊತೆಯಲ್ಲಿ ಗ್ರಂಥಭಂಡಾರಗಳಿರಲಿಲ್ಲ. ಇದ್ದ ಒಂದು ಹರಕು ಪುಸ್ತಕವನ್ನು ಕೋಣೆಯ ಹತ್ತು ಜನರು ಸರದಿಯ ಮೇಲೆ ಓದಿದರು. ಒಬ್ಬನು ಕಲಿತುದನ್ನು ಇನ್ನೊಬ್ಬನಿಗೆ ಹೇಳಿಕೊಟ್ಟನು. ಅವರು ಬರೆದಿಟ್ಟುದನ್ನು ಬೀಗ ಹಾಕಿ ಕಾಯುವುದರಿಂದ ಅವರ ಋಣ ತೀರುವುದಿಲ್ಲ. ಬರಲಿರುವ ಮಹಾಸಭೆಯ ಕಾರ್ಯಕ್ರಮಪಟ್ಟಿಯಲ್ಲಿ, ಲೆಕ್ಕಪತ್ರದ ಮಂಡನೆಗೂ ಹೊಸ ಕಾರ್ಯಕಾರಿ ಸಮಿತಿಯ ಆಯ್ಕೆಗೂ ನಡುವೆ, ‘ಬೀರು ತೆರೆಯುವುದು’ ಎಂಬ ಒಂದು ಸಾಲು ಸೇರುವುದೆಂದು ಆಶಿಸುತ್ತೇವೆ.